ಹಾಜರಿ ಪುಸ್ತಕದಿಂದ ಅನುದಾನದವರೆಗೆ: ಕುಟುಂಬ ಫೌಂಡೇಶನ್‌ಗಳ ನೆರವು ಕೇಳುವ ಸಣ್ಣ ಸಂಸ್ಥೆಗಳಿಗೆ ಮಾರ್ಗದರ್ಶಿ

ದೀಪಾವಳಿ ಮುಗಿದ ಮೇಲೆ ಯಾದಗಿರಿ ಕಡೆಯ ತಾಂಡಾಗಳಿಗೆ ಹೋಗಿ ನೋಡಿ. ಸಾಲಾಗಿ ಬೀಗ ಹಾಕಿದ ಮನೆಗಳು ಕಾಣುತ್ತವೆ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೋ ಪುಣೆಗೋ ಮುಂಬೈಗೋ ಗುಳೆ ಹೋಗಿರುತ್ತಾರೆ. ಮಕ್ಕಳಲ್ಲಿ ಕೆಲವರು ಅವರ ಜೊತೆ, ಉಳಿದವರು ಅಜ್ಜಿಯ ಹತ್ತಿರ. ಇಂಥ ಮಕ್ಕಳಿಗೆ ಸಂಜೆ ಪಾಠ ಹೇಳಿ, ಊಟ ಹಾಕಿ ಮಲಗಲು ಕಳಿಸುವ ಸಣ್ಣ ಸಂಸ್ಥೆಗಳು ನಮ್ಮಲ್ಲಿವೆ. ಬೀದರ್‌ನಲ್ಲಿ ಬಿದ್ರಿ ಕೆಲಸದ ಕುಟುಂಬಗಳ ಜೊತೆ, ಆಳಂದ, ಚಿಂಚೋಳಿ ಕಡೆ ತೊಗರಿ ಬೆಳೆಯುವವರ ಜೊತೆ ದುಡಿಯುವವರೂ ಇದ್ದಾರೆ. ಕೆಲಸ ಗಟ್ಟಿಯಾಗಿರುತ್ತದೆ. ಮಾರ್ಚ್ ಬಂದರೆ ಬ್ಯಾಂಕ್ ಖಾತೆ ಮಾತ್ರ ಬರಿದು.

ನಾನು ಕಲಬುರಗಿಯ ಒಂದು ಸಣ್ಣ ಸಂಸ್ಥೆಯಲ್ಲಿ 12 ವರ್ಷ ಅನುದಾನದ ಅರ್ಜಿ ಬರೆದಿದ್ದೇನೆ, ಲೆಕ್ಕ ಒಪ್ಪಿಸಿದ್ದೇನೆ. ಒಪ್ಪಿಗೆ ಸಿಕ್ಕಿದ್ದಕ್ಕಿಂತ ಬೇಡ ಅನ್ನಿಸಿಕೊಂಡಿದ್ದೇ ಜಾಸ್ತಿ. ಅದರಿಂದ ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಿಮ್ಮ ದಿನದ ಹಾಜರಿ ಪುಸ್ತಕ, ಖರ್ಚಿನ ವೋಚರ್, ಊರಿನವರ ಮಾತು ಈ ಮೂರೂ ಸರಿ ಇದ್ದರೆ ಅರ್ಜಿಯ ಮುಕ್ಕಾಲು ಭಾಗ ಆಗಲೇ ಬರೆದಿಟ್ಟ ಹಾಗೆ.

ಕುಟುಂಬ ಫೌಂಡೇಶನ್ ಅಂದರೆ ಯಾರು?

ಒಂದು ಕುಟುಂಬ ತನ್ನ ಸ್ವಂತ ಸಂಪತ್ತಿನಲ್ಲಿ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಎಂದು ತೆಗೆದಿಟ್ಟು ಕಟ್ಟಿದ ಟ್ರಸ್ಟ್ ಅಥವಾ ಸಂಸ್ಥೆ ಇದು. ಟಾಟಾ ಕುಟುಂಬದ ಹಳೆಯ ಟ್ರಸ್ಟ್‌ಗಳು ಸುಮಾರು ನೂರು ವರ್ಷದ ಹಿಂದೆಯೇ ಹೀಗೆ ಶುರುವಾದವು. ಸರ್ ರತನ್ ಟಾಟಾ ಟ್ರಸ್ಟ್ 1919ರದ್ದು, ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1932ರದ್ದು. ನಮಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಸರ್ಕಾರಿ ಶಾಲೆಯ ಮೊಟ್ಟೆ ನೋಡಿ. ಮಕ್ಕಳಿಗೆ ವಾರಕ್ಕೆ 2 ದಿನ ಸರ್ಕಾರ ಮೊಟ್ಟೆ ಕೊಡುತ್ತಿತ್ತು. ಉಳಿದ 4 ದಿನದ ಖರ್ಚನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ವಹಿಸಿಕೊಂಡಿತು. ಅಜೀಂ ಪ್ರೇಮ್‌ಜಿ ತಮ್ಮ ಸ್ವಂತ ಷೇರುಗಳಿಂದ ಕಟ್ಟಿದ ನಿಧಿಯ ಹಣ ಅದು.

ಇದನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಜೊತೆ ಬೆರೆಸಬೇಡಿ. ಸಿಎಸ್‌ಆರ್ ಕಂಪನಿಯ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ 2% ಖರ್ಚು ಮಾಡಬೇಕು. ಅಲ್ಲಿ ಕಾಯ್ದೆಯ ಪಟ್ಟಿ ಇದೆ, ವರ್ಷದ ಗಡುವು ಇದೆ. ಕುಟುಂಬ ಫೌಂಡೇಶನ್‌ಗೆ ಆ ಒತ್ತಡ ಕಡಿಮೆ. ಮನಸ್ಸಿಗೆ ಹಿಡಿದ ಒಂದು ಕೆಲಸಕ್ಕೆ 3 ವರ್ಷ, 5 ವರ್ಷ ಜೊತೆಗಿರಲು ಅವರಿಗೆ ಸಾಧ್ಯ. ಆದರೆ ಅವರ ಮನಸ್ಸಿಗೆ ಹಿಡಿದದ್ದು ಏನು ಅನ್ನುವುದು ಮುಖ್ಯ. ಒಂದು ಮನೆತನಕ್ಕೆ ಶಿಕ್ಷಣ, ಇನ್ನೊಂದಕ್ಕೆ ಕೆರೆ, ಮತ್ತೊಂದಕ್ಕೆ ಅಂಗವಿಕಲರ ಬದುಕು. ಆ ಆಸಕ್ತಿಯ ಹೊರಗಿನ ಅರ್ಜಿ ಎಷ್ಟು ಚೆನ್ನಾಗಿದ್ದರೂ ವಾಪಸ್ ಬರುತ್ತದೆ.

ಮೊದಲು ಕಾಗದಪತ್ರ

ಈ ಭಾಗ ಬೇಸರ ತರಿಸುತ್ತದೆ, ಆದರೂ ಇಲ್ಲಿಂದಲೇ ಶುರು ಮಾಡಿ. ಒಂದು ದೊಡ್ಡ ಬಾಕ್ಸ್ ಫೈಲ್ ತನ್ನಿ. ನೋಂದಣಿ ಪತ್ರ (1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯದ್ದೋ, ಟ್ರಸ್ಟ್ ಡೀಡೋ, ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿಯದ್ದೋ), ಬೈಲಾ, ಪ್ಯಾನ್, 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ ನೋಂದಣಿ) ಮತ್ತು 80ಜಿ (ದಾನ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ) ಆದೇಶಗಳು, ಎನ್‌ಜಿಒ ದರ್ಪಣ್ ನಂಬರ್ (ಸಂಸ್ಥೆಗಳಿಗಾಗಿ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ಸಿಗುವುದು), 3 ವರ್ಷದ ಆಡಿಟ್ ವರದಿ, ಆದಾಯ ತೆರಿಗೆ ರಿಟರ್ನ್, ಈಗಿನ ಪದಾಧಿಕಾರಿಗಳ ಪಟ್ಟಿ, ಕಳೆದ ವರ್ಷದ ಸಭೆಯ ನಡಾವಳಿ, ಕ್ಯಾನ್ಸಲ್ ಮಾಡಿದ ಒಂದು ಚೆಕ್. ಎಲ್ಲವನ್ನೂ ಸ್ಕ್ಯಾನ್ ಮಾಡಿ, ಅರ್ಥವಾಗುವ ಹೆಸರು ಕೊಟ್ಟು ಒಂದೇ ಫೋಲ್ಡರ್‌ನಲ್ಲಿ ಇಡಿ. ಸಂಘವಾಗಿದ್ದರೆ ಜಿಲ್ಲಾ ನೋಂದಣಾಧಿಕಾರಿಗೆ ವರ್ಷ ವರ್ಷ ಕೊಡಬೇಕಾದ ಲೆಕ್ಕಪತ್ರ ಕೊಟ್ಟಿದ್ದೀರಾ ನೋಡಿ. ನಮ್ಮ ಕಡೆ ಸಂಸ್ಥೆಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಐದಾರು ವರ್ಷ ಬಾಕಿ ಇರುತ್ತದೆ, ಫೌಂಡೇಶನ್ ಕೇಳಿದಾಗ ಓಡಾಟ ಶುರುವಾಗುತ್ತದೆ.

12ಎ ಬಗ್ಗೆ ಒಂದು ಎಚ್ಚರಿಕೆ. ಈ ನೋಂದಣಿ ಈಗ ಒಮ್ಮೆ ಮಾಡಿಸಿದರೆ ಸದಾಕಾಲ ನಡೆಯುವುದಿಲ್ಲ. ಹೊಸ ಸಂಸ್ಥೆಗೆ ಮೊದಲು 3 ವರ್ಷದ ತಾತ್ಕಾಲಿಕ ನೋಂದಣಿ ಸಿಗುತ್ತದೆ, ಆಮೇಲೆ ಕಾಯಂ ನೋಂದಣಿಗೂ ಅವಧಿ ಇರುತ್ತದೆ. ಮುಗಿಯುವುದಕ್ಕೆ ಕನಿಷ್ಠ 6 ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಒಂದು ಸಲ ನಮ್ಮ ಲೆಕ್ಕ ನೋಡುತ್ತಿದ್ದವರು ಆ ದಿನಾಂಕ ಮರೆತರು, ನಾವೂ ಕೇಳಲಿಲ್ಲ. ಒಪ್ಪಿಗೆಯಾಗಿದ್ದ ಅನುದಾನ 8 ತಿಂಗಳು ನಿಂತಿತು. ಅಷ್ಟೂ ತಿಂಗಳು ಇಬ್ಬರು ಶಿಕ್ಷಕಿಯರಿಗೆ ಸಂಬಳ ಕೊಡಲು ಆಗಲಿಲ್ಲ. ಅವರು ಬಿಟ್ಟು ಹೋಗಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ದಿನಾಂಕವನ್ನು ಕಚೇರಿಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಿಂದ ಬರೆದಿಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ. ಜನರ ಬಾಯಲ್ಲಿ ಇನ್ನೂ 12ಎ, 80ಜಿ ಎಂದೇ ಇದೆ, ಆದ್ದರಿಂದ ಫಾರಂ ತುಂಬುವಾಗ ಸಿಎ ಹತ್ತಿರ ಒಮ್ಮೆ ಕೇಳಿ.

80ಜಿ ಯಾವಾಗ ಬೇಕು ಅನ್ನುವ ಗೊಂದಲ ತುಂಬಾ ಜನಕ್ಕಿದೆ. ಹಣ ಫೌಂಡೇಶನ್‌ನ ಖಾತೆಯಿಂದ ಬಂದರೆ ಅವರಿಗೆ ಮುಖ್ಯವಾದದ್ದು ನಿಮ್ಮ 12ಎ. ಆ ಕುಟುಂಬದ ಒಬ್ಬರು ತಮ್ಮ ಸ್ವಂತ ಖಾತೆಯಿಂದ ಕೊಟ್ಟರೆ ಅವರಿಗೆ ತೆರಿಗೆ ರಿಯಾಯಿತಿಗೆ 80ಜಿ ಬೇಕು. ವಿದೇಶದ ಫೌಂಡೇಶನ್ ಆದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯಲು ಬೇಕಾದ ನೋಂದಣಿ) ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಆ ನೋಂದಣಿಗೆ ಸಂಸ್ಥೆಗೆ ಕನಿಷ್ಠ 3 ವರ್ಷ ಆಗಿರಬೇಕು, ಆ 3 ವರ್ಷದಲ್ಲಿ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. "ನಮ್ಮ ಎಫ್‌ಸಿಆರ್‌ಎ ಖಾತೆಗೆ ತರಿಸಿ ನಿಮಗೆ ಕೊಡ್ತೇವೆ" ಎಂದು ಬೇರೆ ಸಂಸ್ಥೆಯವರು ಹೇಳಿದರೆ ಒಪ್ಪಬೇಡಿ. 2020ರ ತಿದ್ದುಪಡಿಯ ನಂತರ ಹಾಗೆ ವರ್ಗಾಯಿಸುವುದಕ್ಕೆ ನಿಷೇಧವಿದೆ.

ಯಾರಿಗೆ ಬರೆಯಬೇಕು?

ಮೊದಲ ವರ್ಷ ನಾನು 22 ಫೌಂಡೇಶನ್‌ಗಳಿಗೆ ಒಂದೇ ಅರ್ಜಿಯನ್ನು ಕಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಮರುವರ್ಷ 4 ಫೌಂಡೇಶನ್ ಆರಿಸಿಕೊಂಡು, ಒಂದೊಂದಕ್ಕೂ ವಾರಗಟ್ಟಲೆ ಸಮಯ ಕೊಟ್ಟೆ. ಇಬ್ಬರು ಮಾತಿಗೆ ಕರೆದರು.

ಪಟ್ಟಿ ಮಾಡುವಾಗ ಪ್ರತಿ ಫೌಂಡೇಶನ್‌ನ ವಾರ್ಷಿಕ ವರದಿ ತೆಗೆದು ಓದಿ. ಅವರ ಘೋಷಣೆಗಿಂತ ಅವರು ಹಣ ಕೊಟ್ಟವರ ಪಟ್ಟಿ ಸತ್ಯ ಹೇಳುತ್ತದೆ. ನಿಮ್ಮಷ್ಟು ಸಣ್ಣ ಸಂಸ್ಥೆಗೆ ಕೊಟ್ಟಿದ್ದಾರಾ? ನಮ್ಮ ಭಾಗದಲ್ಲಿ ಯಾರಿಗಾದರೂ ಕೊಟ್ಟಿದ್ದಾರಾ? ಎಷ್ಟು ವರ್ಷ? ಅರ್ಜಿ ಎಲ್ಲರಿಗೂ ತೆರೆದಿದೆಯಾ, ಅಥವಾ ಅವರೇ ಹುಡುಕಿ ಕರೆಯುತ್ತಾರಾ? ಅವರೇ ಕರೆಯುವವರಾದರೆ ಸುಮ್ನೆ ಅರ್ಜಿ ಕಳಿಸಿ ಪ್ರಯೋಜನವಿಲ್ಲ. ಅವರು ಆಗಲೇ ನೆರವು ಕೊಡುತ್ತಿರುವ ಸಂಸ್ಥೆಯೊಂದರ ಪರಿಚಯ ಮಾಡಿಕೊಳ್ಳಿ, ನಿಮ್ಮ ಕೆಲಸ ನೋಡಲು ಅವರನ್ನು ಕರೆಯಿರಿ. ಯಾದಗಿರಿ, ಕಲಬುರಗಿಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಗಳಿಂದ ಶಿಕ್ಷಕರ ಜೊತೆ ಕೆಲಸ ಮಾಡುತ್ತಿದೆ. ಯಾದಗಿರಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಹಯೋಗಿ ಸಂಸ್ಥೆ ಕಲಿಕೆ ಇದೆ. ಇಂಥವರ ಸಭೆ, ಶಿಕ್ಷಕರ ಕೂಟಗಳಿಗೆ ಹೋಗಿ ಕೂತರೆ ಯಾರಿಗೆ ಯಾವುದರಲ್ಲಿ ಆಸಕ್ತಿ ಅನ್ನುವುದು ತಾನಾಗಿ ತಿಳಿಯುತ್ತದೆ.

ದೂರದ ದೊಡ್ಡ ಹೆಸರುಗಳನ್ನೇ ನೋಡಬೇಡಿ. ದಾಲ್ ಮಿಲ್‌ಗಳ ಊರು ನಮ್ಮದು. ವ್ಯಾಪಾರಸ್ಥರ, ವೈದ್ಯರ ಮನೆತನಗಳು ಅಪ್ಪ ಅಮ್ಮನ ಹೆಸರಲ್ಲಿ ನಡೆಸುವ ಸಣ್ಣ ಟ್ರಸ್ಟ್‌ಗಳು ಕಲಬುರಗಿ, ಬೀದರ್ ಎರಡೂ ಕಡೆ ಇವೆ. ಜೂನ್‌ನಲ್ಲಿ ನೋಟ್‌ಬುಕ್ ಹಂಚುವುದು, ಜಾತ್ರೆಯಲ್ಲಿ ದಾಸೋಹಕ್ಕೆ ಕೊಡುವುದು ಅವರಿಗೆ ರೂಢಿ. ಅವರಿಂದ 50,000 ರೂಪಾಯಿ ಪಡೆದು, ಅದರ ಪೈಸೆ ಪೈಸೆ ಲೆಕ್ಕ ಒಪ್ಪಿಸಿದ ಪತ್ರ ನಿಮ್ಮ ಹತ್ತಿರ ಇದ್ದರೆ, ಬೆಂಗಳೂರಿನ ಫೌಂಡೇಶನ್ ಮುಂದೆ ಅದೇ ನಿಮ್ಮ ಗುರುತಿನ ಚೀಟಿ.

ಅನುದಾನ ಕೊಡಿಸುತ್ತೇನೆ, ಇಷ್ಟು ಪರ್ಸೆಂಟ್ ಕೊಡಿ ಎಂದು ಬರುವವರಿದ್ದಾರೆ. ಅವರನ್ನು ಬಾಗಿಲಲ್ಲೇ ಕಳಿಸಿ. ಮಕ್ಕಳ ಊಟಕ್ಕೆ ಬಂದ ಹಣದಲ್ಲಿ ಯಾರಿಗೂ ಕಮಿಷನ್ ಇಲ್ಲ. ಅರ್ಜಿ ಬರೆಯಲು ಗೊತ್ತಿಲ್ಲದಿದ್ದರೆ ಬರೆದುಕೊಟ್ಟವರಿಗೆ ಅವರ ಕೆಲಸದ ಕೂಲಿ ಕೊಡಿ, ರಸೀದಿ ತಗೊಳ್ಳಿ. ಅದು ಬೇರೆ ವಿಷಯ.

ಮೊದಲ ಎರಡು ಪುಟ

ಬಹಳಷ್ಟು ಕಡೆ ಮೊದಲು ಕೇಳುವುದು ಕಾನ್ಸೆಪ್ಟ್ ನೋಟ್, ಅಂದರೆ ಯೋಜನೆಯ ಚಿಕ್ಕ ಸಾರಾಂಶ. ಎರಡು ಪುಟ ಸಾಕು. ನಾವು ಎಡವುವುದು ಮೊದಲ ಸಾಲಿನಲ್ಲೇ. ನಾನೂ ವರ್ಷಗಟ್ಟಲೆ ಹೀಗೆ ಬರೆದಿದ್ದೇನೆ:

"ಅತ್ಯಂತ ಹಿಂದುಳಿದ ಕಲ್ಯಾಣ ಕರ್ನಾಟಕ ಭಾಗದ ವಂಚಿತ ಮಕ್ಕಳ ಸರ್ವಾಂಗೀಣ ಅಭಿವೃದ್ಧಿಗಾಗಿ ನಮ್ಮ ಸಂಸ್ಥೆ ಅವಿರತವಾಗಿ ಶ್ರಮಿಸುತ್ತಿದೆ."

ಓದುವವರ ಕಣ್ಣ ಮುಂದೆ ಇದರಿಂದ ಏನೂ ಬರುವುದಿಲ್ಲ. ನಮ್ಮ ಭಾಗ ಹಿಂದುಳಿದಿದೆ ಎಂದು ಅವರಿಗೆ ಗೊತ್ತು. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತಾಲ್ಲೂಕು ತಾಲ್ಲೂಕಿನ ಸ್ಥಿತಿ ಬರೆದಿದೆ. ನಮಗಾಗಿ ಸಂವಿಧಾನದಲ್ಲಿ ವಿಶೇಷ ಸ್ಥಾನಮಾನದ 371(ಜೆ) ವಿಧಿ ಇದೆ. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಮಾಡಿದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಯಲ್ಲಿ ರಾಯಚೂರಿನ ಜೊತೆ ಯಾದಗಿರಿಯೂ ಇದೆ. ಅದಕ್ಕೆ ಒಂದು ಸಾಲು ಸಾಕು. ಅವರಿಗೆ ಗೊತ್ತಿಲ್ಲದಿರುವುದು ನಿಮ್ಮ ತಾಂಡಾ. ಈಗ ಇದನ್ನು ಓದಿ, ಅಂಕಿಗಳು ಉದಾಹರಣೆಗೆ ಮಾತ್ರ:

"ನಮ್ಮ ತಾಂಡಾದಲ್ಲಿ 112 ಮನೆ. ಕಳೆದ ನವೆಂಬರ್‌ನಲ್ಲಿ 64 ಮನೆಯವರು ಗುಳೆ ಹೋದರು. ಅಜ್ಜ ಅಜ್ಜಿಯ ಹತ್ತಿರ ಉಳಿದ ಶಾಲೆ ಮಕ್ಕಳು 40. ಡಿಸೆಂಬರ್‌ನ ಶಾಲೆ ಹಾಜರಿ ನೋಡಿದಾಗ ಅವರಲ್ಲಿ 17 ಮಂದಿ ಹತ್ತು ದಿನವೂ ಬಂದಿರಲಿಲ್ಲ. ಸಂಜೆ ಊಟ ಮತ್ತು ಓದು ಎರಡೂ ಒಂದೇ ಕಡೆ ಸಿಕ್ಕರೆ ಮಕ್ಕಳು ಮರುದಿನ ಶಾಲೆಗೆ ಹೋಗುತ್ತಾರೆ. ಕಳೆದ ವರ್ಷ 14 ಮಕ್ಕಳ ಜೊತೆ ಇದನ್ನು ಮಾಡಿ ನೋಡಿದ್ದೇವೆ. 11 ಮಂದಿ ವರ್ಷದ ಪರೀಕ್ಷೆ ಬರೆದರು."

ಏಳು ಸಾಲು. ಇದನ್ನು ಬರೆಯಲು ಮನೆ ಮನೆಗೆ ಹೋಗಿ ಎಣಿಸಬೇಕು, ಹೆಡ್‌ಮಾಸ್ತರ ಹತ್ತಿರ ಕೂತು ಹಾಜರಿ ನೋಡಬೇಕು. ಎರಡು ಭಾನುವಾರದ ಕೆಲಸ. 14ರಲ್ಲಿ 11 ಎಂದು ಬರೆದದ್ದನ್ನು ಗಮನಿಸಿ. ಉಳಿದ 3 ಮಕ್ಕಳ ಕಥೆಯನ್ನೂ ಮುಂದಿನ ಸಾಲಲ್ಲಿ ಬರೆಯಿರಿ, ಮುಚ್ಚಿಡಬೇಡಿ. ಎಲ್ಲ ನೂರಕ್ಕೆ ನೂರು ಎಂದು ಬರೆದ ಅರ್ಜಿಯನ್ನು ಅನುಭವಸ್ಥರು ನಂಬುವುದಿಲ್ಲ.

ಆಮೇಲೆ ಏನು ಮಾಡುತ್ತೀರಿ, ಯಾರು ಮಾಡುತ್ತಾರೆ, ಎಷ್ಟು ತಿಂಗಳು, ಎಷ್ಟು ಹಣ, ಕೊನೆಗೆ ಏನು ಬದಲಾಗಿರುತ್ತದೆ ಎಂದು ಬರೆಯಿರಿ. ಇನ್ನೊಂದು ಪ್ರಶ್ನೆಗೆ ಮೊದಲೇ ಉತ್ತರ ಇಟ್ಟುಕೊಳ್ಳಿ, ಅದನ್ನು ಕೇಳಿಯೇ ಕೇಳುತ್ತಾರೆ: "ಇದನ್ನ ಸರ್ಕಾರ ಮಾಡಬೇಕಲ್ವಾ?" ಗುಳೆ ಹೋದವರ ಮಕ್ಕಳಿಗೆ ಋತುಮಾನದ ಹಾಸ್ಟೆಲ್ ನಡೆಸಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ನೀವು ಅವರನ್ನು ಕೇಳಿದ್ದೀರಾ? ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟ ಮನವಿಯ ಸ್ವೀಕೃತಿ ಪ್ರತಿ ಇದೆಯಾ? ಅದಿದ್ದರೆ ಅರ್ಜಿಯ ಜೊತೆ ಲಗತ್ತಿಸಿ. ಸರ್ಕಾರದ ಬಾಗಿಲನ್ನೂ ತಟ್ಟುವ ಸಂಸ್ಥೆ ಎಂದು ಗೊತ್ತಾದರೆ ಅವರಿಗೆ ಗೌರವ ಬರುತ್ತದೆ.

ಭಾಷೆಯ ಭಯ ಬೇಡ. ಇಂಗ್ಲಿಷ್‌ನಲ್ಲೇ ಬೇಕು ಎಂದರೆ ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಗೊತ್ತಿದ್ದವರಿಂದ ಅನುವಾದ ಮಾಡಿಸಿ. ನೇರ ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ ತಾಂಡಾ ಮಾಯವಾಗಿ ಬರೀ ದೊಡ್ಡ ಪದಗಳು ಉಳಿಯುತ್ತವೆ.

ಬಜೆಟ್: ಎಲ್ಲ ಬರೆಯಿರಿ

ಮೇಲಿನ 40 ಮಕ್ಕಳ ಸಂಜೆ ಕೇಂದ್ರವನ್ನೇ ತಗೊಳ್ಳೋಣ. ನವೆಂಬರ್‌ನಿಂದ ಏಪ್ರಿಲ್, 6 ತಿಂಗಳು, ತಿಂಗಳಿಗೆ 25 ದಿನ.

ಅರ್ಧ ದಿನದ ಶಿಕ್ಷಕಿಯರು ಇಬ್ಬರು, ತಿಂಗಳಿಗೆ 8,000: ಒಟ್ಟು 96,000
ಅರ್ಧ ದಿನದ ಅಡುಗೆಯವರು ಇಬ್ಬರು, 6,000: ಒಟ್ಟು 72,000
ಪೂರ್ತಿ ದಿನದ ಸಂಯೋಜಕರು ಒಬ್ಬರು, 18,000: ಒಟ್ಟು 1,08,000
ರಾತ್ರಿ ಊಟ, ಮಗುವಿಗೆ 30 ರೂಪಾಯಿ, 150 ದಿನ: 1,80,000
ಪುಸ್ತಕ, ಕಲಿಕೆ ಸಾಮಗ್ರಿ, ಮಗುವಿಗೆ 600: ಒಟ್ಟು 24,000
ಗ್ಯಾಸ್, ಪಾತ್ರೆ, ದೀಪ: 36,000
ಓಡಾಟ, ತಿಂಗಳಿಗೆ 4,000: ಒಟ್ಟು 24,000
ಲೆಕ್ಕಿಗರು, ಆಡಿಟ್, ಫೋನ್, ಕಚೇರಿ ಬಾಡಿಗೆಯಲ್ಲಿ ಈ ಕೆಲಸದ ಪಾಲು: 66,000

ಒಟ್ಟು 6,06,000. ಒಂದು ಮಗುವಿಗೆ 15,150, ತಿಂಗಳಿಗೆ 2,525 ರೂಪಾಯಿ. ಈ ಕೊನೆಯ ಅಂಕಿಯನ್ನು ಬಾಯಲ್ಲಿಟ್ಟುಕೊಳ್ಳಿ. ಟ್ರಸ್ಟಿಗಳ ಸಭೆಯಲ್ಲಿ ಮೊದಲು ಬರುವ ಪ್ರಶ್ನೆ ಇದೇ.

ಕೊನೆಯ ಸಾಲು, ಆ 66,000, ಅದನ್ನು ಬಿಡಬೇಡಿ ಎಂದು ನಿಮ್ಮ ಕೈಹಿಡಿದು ಹೇಳುತ್ತೇನೆ. ಕಚೇರಿ ಖರ್ಚು ತೋರಿಸಿದರೆ ಹಣ ಕೊಡುವುದಿಲ್ಲ ಎಂಬ ಭಯ ನಮ್ಮಲ್ಲಿ ತುಂಬಾ. ಹಾಗಾಗಿ ಸೊನ್ನೆ ಬರೆಯುತ್ತೇವೆ. ಆಮೇಲೆ ಆಡಿಟ್ ಫೀಸು ಕಾರ್ಯದರ್ಶಿಯ ಜೇಬಿನಿಂದ ಹೋಗುತ್ತದೆ, ಲೆಕ್ಕ ಬರೆಯುವ ಹುಡುಗಿಗೆ ಅರ್ಧ ಸಂಬಳ. ಕೆಲವು ಸಂಸ್ಥೆಗಳು ಹೀಗೇ ಸೋತು ಬಾಗಿಲು ಹಾಕಿವೆ. ನೂರಕ್ಕೆ ಹನ್ನೊಂದರಷ್ಟು ಪಾಲು ಯಾವ ರೀತಿಯಲ್ಲೂ ಅತಿಯಲ್ಲ. ಏನು, ಯಾಕೆ ಎಂದು ಒಂದೊಂದು ಸಾಲು ವಿವರಣೆ ಬರೆಯಿರಿ ಸಾಕು. ಊರಿನವರು ಜೋಳ, ತೊಗರಿ ಬೇಳೆ ಕೊಡುತ್ತಿದ್ದರೆ, ಸಮುದಾಯ ಭವನ ಬಾಡಿಗೆ ಇಲ್ಲದೆ ಸಿಕ್ಕಿದ್ದರೆ ಅದಕ್ಕೂ ಬೆಲೆ ಕಟ್ಟಿ ಪಕ್ಕದ ಕಾಲಂನಲ್ಲಿ ತೋರಿಸಿ. ದಿನಗೂಲಿಯವರು ಕೊಟ್ಟ ಒಂದು ಚೀಲ ಜೋಳ ದೊಡ್ಡ ಮಾತು.

ಅವರು ಊರಿಗೆ ಬಂದ ದಿನ

ಕಾಗದ ಒಪ್ಪಿಗೆಯಾದರೆ ಫೌಂಡೇಶನ್‌ನ ಪ್ರೋಗ್ರಾಂ ಆಫೀಸರ್ ನೋಡಲು ಬರುತ್ತಾರೆ. ಹೂಮಾಲೆ, ಬ್ಯಾನರ್, ಶಾಲು, ಸ್ವಾಗತ ಗೀತೆ ಯಾವುದೂ ಬೇಡ. ಎಂದಿನ ಕೆಲಸ ಎಂದಿನ ಹಾಗೆ ನಡೆಯಲಿ.

ನಮ್ಮಲ್ಲಿಗೆ ಒಮ್ಮೆ ಜನವರಿ ಸಂಜೆ ಒಬ್ಬ ಮೇಡಂ ಬಂದರು. ಮಕ್ಕಳು ಕೂತಿದ್ದರು. ಅವರು ನಮ್ಮ ಕಾರ್ಯದರ್ಶಿಯನ್ನು ಬಿಟ್ಟು ಸೀದಾ ಒಲೆಯ ಹತ್ತಿರ ಹೋಗಿ, ರೊಟ್ಟಿ ಬಡಿಯುತ್ತಿದ್ದ ಅವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಎಷ್ಟು ಮಕ್ಕಳಿಗೆ ಅವ್ವಾ?" ಅಂದರು. ಅವ್ವ ಹಿಟ್ಟಿನ ಕೈ ಒರೆಸಿಕೊಂಡು, "ಮೊದಲ ಮೂವತ್ತೆಂಟು ಹುಡುಗ್ರು ಇದ್ರ್ರಿ. ಈಗ ಮೂವತ್ತೊಂದು. ಏಳು ಮಂದಿ ತಾಯಿ ತಂದಿ ಕೂಡ ಹೋಗ್ಯಾರ್ರಿ" ಅಂದಳು. ನಮ್ಮ ಕಾರ್ಯದರ್ಶಿಯ ಮುಖ ಸಣ್ಣದಾಯಿತು, ಅರ್ಜಿಯಲ್ಲಿ 38 ಎಂದಿತ್ತು. ಮೇಡಂ ಹಾಜರಿ ಪುಸ್ತಕ ಕೇಳಿದರು. ಆ ದಿನದ ಪುಟದಲ್ಲಿ ಶಿಕ್ಷಕಿ 31 ಎಂದೇ ಬರೆದಿದ್ದಳು. ಏಳು ಹೆಸರುಗಳ ಮುಂದೆ ಹೋದ ತಾರೀಖು, ಹೋದ ಊರು ಎರಡೂ ಪೆನ್ಸಿಲ್‌ನಲ್ಲಿ ಇತ್ತು. ಮೇಡಂ ಆ ಪುಟದ ಫೋಟೊ ತಗೊಂಡರು. ಆ ವರ್ಷ ಅನುದಾನ ಬಂತು. ಬೆಂಗಳೂರಿನ ಕಟ್ಟಡ ಕೆಲಸದ ಜಾಗದಲ್ಲಿ ಆ ಏಳು ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವ ಕೆಲಸಕ್ಕೂ ಸ್ವಲ್ಪ ಹಣ ಸೇರಿಸಿದ್ದರು. ನಾವು ಅದನ್ನು ಕೇಳಿರಲೇ ಇಲ್ಲ.

ಮಕ್ಕಳ ಜೊತೆ ಕೆಲಸ ಮಾಡುವವರು ಮಕ್ಕಳ ರಕ್ಷಣಾ ನೀತಿಯನ್ನು ಬರೆದು, ಗೋಡೆಗೆ ಹಚ್ಚಿ, ಸಿಬ್ಬಂದಿಯೆಲ್ಲ ಸಹಿ ಹಾಕಿರಬೇಕು. ಮಕ್ಕಳ ಸಹಾಯವಾಣಿ 1098 ಮಕ್ಕಳಿಗೂ ಗೊತ್ತಿರಬೇಕು. ಬಂದವರು ಇದನ್ನು ನೋಡಿಯೇ ನೋಡುತ್ತಾರೆ, ನೋಡಲಿ.

ಹಣ ಬಂದ ಮೇಲೆ

ಒಪ್ಪಂದ ಪತ್ರವನ್ನು ಸಹಿ ಹಾಕುವ ಮೊದಲು ಸಮಿತಿಯವರೆಲ್ಲ ಕೂತು ಜೋರಾಗಿ ಓದಿ. ಹಣ ಎಷ್ಟು ಕಂತಿನಲ್ಲಿ ಬರುತ್ತದೆ, ಮುಂದಿನ ಕಂತಿಗೆ ಏನು ಕೊಡಬೇಕು, ಬಜೆಟ್‌ನ ಒಂದು ತಲೆಬರಹದ ಹಣ ಇನ್ನೊಂದಕ್ಕೆ ಎಷ್ಟರವರೆಗೆ ಬಳಸಬಹುದು, ಉಳಿದ ಹಣ ಏನಾಗಬೇಕು. ಈ ನಾಲ್ಕು ಅರ್ಥವಾಗದಿದ್ದರೆ ಸಹಿ ಬೇಡ, ಫೋನ್ ಮಾಡಿ ಕೇಳಿ. ಕಂತು ತಡವಾಗುವುದು ಮಾಮೂಲಿ. ನಮ್ಮ ಕೆಲಸ ಗುಳೆಯ ಕಾಲಕ್ಕೆ ಕಟ್ಟಿಹಾಕಿದ್ದು, ಆದ್ದರಿಂದ ಮೊದಲ ಕಂತು ಅಕ್ಟೋಬರ್‌ನಲ್ಲೇ ಬರಬೇಕು ಎಂದು ಒಪ್ಪಂದದಲ್ಲೇ ಬರೆಸಿ. ಅದಕ್ಕೆ ಅರ್ಜಿಯ ಮಾತುಕತೆ ಫೆಬ್ರುವರಿ, ಮಾರ್ಚ್‌ನಲ್ಲಿ ಶುರುವಾಗಿರಬೇಕು.

ಪ್ರತಿ ಖರ್ಚಿಗೂ ವೋಚರ್. ಸಂತೆಯಲ್ಲಿ ತರಕಾರಿ ಮಾರುವವರು ಬಿಲ್ ಕೊಡುವುದಿಲ್ಲ, ಅಲ್ವಾ? ಆಗ ನಿಮ್ಮದೇ ವೋಚರ್‌ನಲ್ಲಿ ತಾರೀಖು, ಏನು, ಎಷ್ಟು ಕೆಜಿ, ದರ ಬರೆದು ತಂದವರು ಸಹಿ ಹಾಕಿ, ಇನ್ನೊಬ್ಬರು ನೋಡಿ ಸಹಿ ಹಾಕಲಿ. ಅದೇ ದಿನ ಬರೆಯಿರಿ. ವಾರದ ಕೊನೆಗೆ ಕೂತು ನೆನಪಿನಿಂದ ಬರೆದ ಲೆಕ್ಕ ಆಡಿಟ್‌ನಲ್ಲಿ ತಾಳೆಯಾಗುವುದಿಲ್ಲ.

ಯೋಜನೆ ಹಳಿ ತಪ್ಪಿದರೆ ಮೊದಲು ತಿಳಿಸಬೇಕಾದವರು ಫೌಂಡೇಶನ್. ಒಂದು ವರ್ಷ ನಮ್ಮ ಸಂಯೋಜಕರು ಡಿಸೆಂಬರ್‌ನಲ್ಲಿ ಕೆಲಸ ಬಿಟ್ಟರು, ಕೇಂದ್ರ 5 ವಾರ ಮುಚ್ಚಿತ್ತು. ಹೇಗಾದರೂ ಸರಿಮಾಡೋಣ ಎಂದು ನಾನು ತಿಳಿಸಲಿಲ್ಲ. ವರದಿಯಲ್ಲಿ ಸಂಬಳದ ಹಣ ಉಳಿದಿದ್ದು ನೋಡಿ ಅವರು ಕೇಳಿದರು. ಮುಚ್ಚಿದ್ದಕ್ಕೆ ಅವರು ಬೇಸರ ಮಾಡಿಕೊಳ್ಳಲಿಲ್ಲ, ಹೇಳದೇ ಇದ್ದದ್ದಕ್ಕೆ ಮಾಡಿಕೊಂಡರು. ಮುಂದಿನ ವರ್ಷದ ಹಣ ಬರಲಿಲ್ಲ. ತಪ್ಪು ನನ್ನದೇ. ಒಂದು ಫೋನ್ ಕರೆ ಸಾಕಿತ್ತು.

ಆಗಲ್ಲ ಎಂದರೆ

ಒಂದು ವಾರ ಬಿಟ್ಟು ಧನ್ಯವಾದದ ಪತ್ರ ಕಳಿಸಿ, ಜೊತೆಗೆ ಒಂದೇ ಪ್ರಶ್ನೆ ಕೇಳಿ: ಯಾವ ಭಾಗ ದುರ್ಬಲವಾಗಿತ್ತು? ಕೆಲವರು ಉತ್ತರಿಸುವುದಿಲ್ಲ. ಉತ್ತರಿಸಿದವರ ಮಾತನ್ನು ಅದೇ ದಿನ ನೋಟ್‌ಬುಕ್‌ನಲ್ಲಿ ಬರೆದಿಡಿ. ವರ್ಷಕ್ಕೆ ಎರಡು ಸಲ, ಹಣ ಕೇಳದೆ, ಕೇಂದ್ರದಲ್ಲಿ ಏನಾಗುತ್ತಿದೆ ಎಂದು ಅರ್ಧ ಪುಟ ಬರೆದು ಕಳಿಸಿ. ಯುಗಾದಿಗೆ ಮರಳಿ ಬಂದ ಅಪ್ಪ ಅಮ್ಮ ಮಗನ ಪರೀಕ್ಷೆಯ ಅಂಕ ನೋಡಿದ್ದು, ಜೂನ್‌ನಲ್ಲಿ ಎಷ್ಟು ಮಕ್ಕಳು ಮುಂದಿನ ತರಗತಿಗೆ ಸೇರಿದರು ಅನ್ನುವುದು. ನಮಗೆ ಮೂರು ವರ್ಷ ಆಗಲ್ಲ ಎಂದ ಒಂದು ಫೌಂಡೇಶನ್, ನಾಲ್ಕನೇ ವರ್ಷ ಆ ಅರ್ಧ ಪುಟ ಓದಿ ತಾನೇ ಫೋನ್ ಮಾಡಿತು.